ನಾಲ್ಕರಲ್ಲಿ ಮಾತ್ರ ತಿರುಗುವ ಫ್ಯಾನ್

ಬ್ಲೋವರಿನ ಗುಂಡಿಯನ್ನು ಒಂದಕ್ಕೆ ತಿರುಗಿಸಿದರೆ ಸದ್ದಿಲ್ಲ. ಎರಡಕ್ಕೂ ಇಲ್ಲ, ಮೂರಕ್ಕೂ ಇಲ್ಲ. ನಾಲ್ಕಕ್ಕೆ ತಿರುಗಿಸಿದ ಕೂಡಲೇ ಮುಖಕ್ಕೆ ಬಿರುಗಾಳಿ. ಹತ್ತು ಹದಿನೈದು ವರ್ಷ ಓಡಿದ ಕಾರುಗಳಲ್ಲಿ ಪದೇ ಪದೇ ಕಾಣುವ ಕಾಯಿಲೆ ಇದು. ಕಾರಿನ ವಿದ್ಯುತ್ ದೋಷಗಳಲ್ಲಿ ಇಷ್ಟು ಸ್ಪಷ್ಟವಾಗಿ ತನ್ನ ಗುರುತು ಹೇಳಿಕೊಳ್ಳುವುದು ಬಹುಶಃ ಇನ್ನೊಂದಿಲ್ಲ. ಅನುಭವವಿರುವ ಆಟೋ ಎಲೆಕ್ಟ್ರಿಷಿಯನ್ ಕಾರಿನ ಬಾಗಿಲನ್ನೂ ತೆಗೆಯದೆ ‘ರೆಸಿಸ್ಟರ್ ಹೋಗಿದೆ ಸಾರ್’ ಅನ್ನುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಅವನ ಮಾತು ಸರಿಯಾಗಿಯೇ ಇರುತ್ತದೆ. ಹೊಸ ರೆಸಿಸ್ಟರ್ ಹಾಕುತ್ತಾನೆ, ನಾಲ್ಕೂ ವೇಗ ಮರಳುತ್ತವೆ, ದುಡ್ಡು ಕೊಟ್ಟು ಬರುತ್ತೇವೆ. ಕೆಲವು ತಿಂಗಳ ನಂತರ ಅದೇ ಗುಂಡಿ, ಅದೇ ಮೌನ.

ಏನು ಹೋಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಯಾಕೆ ಹೋಯಿತು ಎಂದು ಯಾರೂ ಕೇಳಿರಲಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಶಾಲೆಯಲ್ಲಿ ಕಲಿತ ಓಮ್ ನಿಯಮ, ಒಂದು ಮೀಟರು, ಒಂದು ಬಲ್ಬು ಸಾಕು.

ಅದಕ್ಕೆ ಮೊದಲು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಈ ಫ್ಯಾನ್ ಹೀಟರಿನ ಗಾಳಿ ಬೀಸುವಂಥದ್ದು; ನಮ್ಮ ಸೀಮೆಯಲ್ಲಿ ಕಾರಿನ ಹೀಟರ್ ಯಾರಿಗೆ ಬೇಕು? ಬೆಂಗಳೂರಿನಲ್ಲಿ ಕೂತು ಕೇಳಿದರೆ ನ್ಯಾಯವಾದ ಪ್ರಶ್ನೆ. ಜುಲೈ ತಿಂಗಳ ರಾತ್ರಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುತ್ತಿರುವವರು ಹಾಗೆ ಕೇಳುವುದಿಲ್ಲ. ಹೊರಗೆ ಮಳೆ, ಕಿಟಕಿಗಳೆಲ್ಲ ಮುಚ್ಚಿವೆ, ಒಳಗೆ ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ, ಒದ್ದೆ ಚಪ್ಪಲಿ. ಒಳಗಿನ ಗಾಳಿ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 80 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು ಸುಮಾರು 21 ಡಿಗ್ರಿ. ಮಳೆನೀರು ಹರಿಯುತ್ತಿರುವ ಮುಂದಿನ ಗಾಜು ಅದಕ್ಕಿಂತ ತಣ್ಣಗಾದ ಕ್ಷಣದಿಂದಲೇ ಅದರ ಒಳಮೈ ಮಂಜಾಗತೊಡಗುತ್ತದೆ. ಎದುರಿನ ಲಾರಿಯ ದೀಪ ಬೆಳ್ಳನೆಯ ಪರದೆಯಾಗಿ ಹರಡುತ್ತದೆ. ಇದಕ್ಕೆ ಇರುವುದು ಎರಡೇ ಪರಿಹಾರ: ಗಾಜನ್ನು ಇಬ್ಬನಿ ಬಿಂದುವಿಗಿಂತ ಬೆಚ್ಚಗೆ ಮಾಡುವುದು, ಅಥವಾ ಒಳಗಿನ ಗಾಳಿಯನ್ನು ಒಣಗಿಸುವುದು. ಮೊದಲನೆಯದು ಹೀಟರಿನ ಕೆಲಸ, ಎರಡನೆಯದು ಎ.ಸಿ.ಯದು. ಎರಡಕ್ಕೂ ಫ್ಯಾನ್ ಬೇಕು. ಫ್ಯಾನ್ ನಿಂತರೆ ಹೀಟರಿನ ಬಿಸಿ ಡ್ಯಾಶ್‌ಬೋರ್ಡಿನೊಳಗೇ ಉಳಿಯುತ್ತದೆ, ಎ.ಸಿ.ಯ ಸುರುಳಿಯ ಮೇಲೆ ಹಿಮ ಕಟ್ಟಬಹುದು, ಗಾಜು ಮಂಜಾಗಿಯೇ ಇರುತ್ತದೆ. ಅಮೆರಿಕದಲ್ಲಿ ಗಾಜಿನ ಮಂಜು ಬಿಡಿಸುವ ವ್ಯವಸ್ಥೆ ಐಷಾರಾಮದ ಪಟ್ಟಿಯಲ್ಲಿಲ್ಲ. ಎಫ್‌ಎಂವಿಎಸ್‌ಎಸ್ 103 ಎಂಬ ಸುರಕ್ಷತಾ ನಿಯಮದಡಿ ಅದು ಕಡ್ಡಾಯ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸರಿಸುಮಾರು ಮೂರನೇ ಒಂದು ಪಾಲು ಕೂಲೆಂಟ್ ನೀರಿಗೆ ಶಾಖವಾಗಿ ಹೋಗುತ್ತದೆ. ಸುಮಾರು 90 ಡಿಗ್ರಿಯ ಆ ನೀರಿನಲ್ಲಿ ಒಂದಿಷ್ಟನ್ನು ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ರೇಡಿಯೇಟರಿಗೆ ತಿರುಗಿಸಿದರೆ ಅದೇ ಹೀಟರ್. ಶಾಖ ಪುಕ್ಕಟೆ. ಹಳೆಯ ಕಾರಿನ ಹೀಟರಿನಲ್ಲಿ ವಿದ್ಯುತ್ತಿನಿಂದ ನಡೆಯುವುದು ಮುಖ್ಯವಾಗಿ ಫ್ಯಾನ್ ಒಂದೇ. ಅದರ ದಾರಿಯೂ ಸರಳ: ಬ್ಯಾಟರಿ, ಇಗ್ನಿಷನ್ ಸ್ವಿಚ್, ಫ್ಯೂಸ್, ಕೆಲವು ಕಾರುಗಳಲ್ಲಿ ಒಂದು ರಿಲೇ, ಮೋಟರು, ರೆಸಿಸ್ಟರ್, ಗುಂಡಿಯ ಹಿಂದಿನ ಸ್ವಿಚ್, ಕೊನೆಗೆ ಕಾರಿನ ಮೈಗೆ ಅರ್ತ್. ಸ್ವಿಚ್ಚು ಮೋಟರಿಗಿಂತ ಮುಂಚೆ ಬರುತ್ತದೋ ಆಮೇಲೆ ಬರುತ್ತದೋ ಎಂಬುದು ಕಾರಿನ ವಿನ್ಯಾಸಕ್ಕೆ ಬಿಟ್ಟದ್ದು. ಜಪಾನೀ ವಿನ್ಯಾಸದ ಅನೇಕ ಕಾರುಗಳಲ್ಲಿ ಅದು ಮೋಟರಿನ ನಂತರ, ಅರ್ತ್ ಕಡೆಗಿರುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ವೇಗ ಬದಲಿಸುವ ಉಪಾಯ ಹಳೇಕಾಲದ್ದು. ನಾಲ್ಕನೆಯ ವೇಗದಲ್ಲಿ ಮೋಟರಿಗೆ ಕರೆಂಟು ನೇರ ಸಿಗುತ್ತದೆ. ಮೂರಕ್ಕೆ ಬಂದರೆ ದಾರಿಯಲ್ಲಿ ಒಂದು ತಂತಿಯ ಸುರುಳಿ ಅಡ್ಡ ಬರುತ್ತದೆ, ಎರಡಕ್ಕೆ ಇನ್ನೊಂದು, ಒಂದಕ್ಕೆ ಮತ್ತೊಂದು. ಈ ಸುರುಳಿಗಳೆಲ್ಲ ಸೇರಿದ ಪುಟ್ಟ ಬಿಲ್ಲೆಯೇ ರೆಸಿಸ್ಟರ್. ಒಂದು, ಎರಡು, ಮೂರು ಸತ್ತು ನಾಲ್ಕು ಮಾತ್ರ ಬದುಕಿದೆ ಎಂದರೆ ಆ ಮೂರಕ್ಕೂ ಸಾಮಾನ್ಯವಾದ ಯಾವುದೋ ಕೊಂಡಿ ಕಳಚಿದೆ, ನಾಲ್ಕು ಅದನ್ನು ಬಳಸದೆ ಹೋಗುತ್ತಿದೆ. ಎಲೆಕ್ಟ್ರಿಷಿಯನ್ನನ ಊಹೆ ಹುಟ್ಟುವುದು ಈ ತರ್ಕದಿಂದ. ತಿರುವುಮುರುವಾಗಿ ಒಂದು, ಎರಡು, ಮೂರು ಕೆಲಸ ಮಾಡಿ ನಾಲ್ಕು ಮಾತ್ರ ಸತ್ತಿದ್ದರೆ ರೆಸಿಸ್ಟರನ್ನು ಮುಟ್ಟಬೇಕಾಗಿಲ್ಲ, ನೋಡಬೇಕಾದ್ದು ಸ್ವಿಚ್ಚಿನ ನಾಲ್ಕನೆಯ ಸಂಪರ್ಕ ಅಥವಾ ಆ ವೇಗಕ್ಕೆಂದೇ ಇಟ್ಟ ರಿಲೇಯನ್ನು. ಯಾವ ವೇಗವೂ ಇಲ್ಲದಿದ್ದರೆ ಫ್ಯೂಸ್, ಅರ್ತ್, ಮೋಟರು ಮೂರರ ಮೇಲೂ ಅನುಮಾನ. ಗ್ಲವ್ ಬಾಕ್ಸಿನ ಕೆಳಗೆ ಕೈಯಿಂದ ಗುದ್ದಿದಾಗ ಫ್ಯಾನ್ ತಿರುಗತೊಡಗಿದರೆ ಮೋಟರಿನ ಕಾರ್ಬನ್ ಬ್ರಷ್ ಸವೆದಿದೆ. ರಸ್ತೆಯ ಗುಂಡಿಗೆ ಇಳಿದಾಗಷ್ಟೇ ಜೀವ ಬಂದರೆ ಎಲ್ಲೋ ತಂತಿಗಳನ್ನು ಜೋಡಿಸುವ ಕಪ್ಲರ್ ಸಡಿಲವಾಗಿದೆ. ಇಷ್ಟನ್ನು ಸ್ಕ್ರೂಡ್ರೈವರ್ ಮುಟ್ಟದೆಯೇ ಹೇಳಬಹುದು.

ಈಗ ರೆಸಿಸ್ಟರಿನ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲೆಕ್ಕಕ್ಕಾಗಿ ಒಂದು ಮೋಟರನ್ನು ಇಟ್ಟುಕೊಳ್ಳುತ್ತೇನೆ. ಎಂಜಿನ್ ಓಡುತ್ತಿರುವಾಗ ಅದಕ್ಕೆ 13.5 ವೋಲ್ಟ್ ಸಿಗುತ್ತದೆ, ಪೂರ್ಣ ವೇಗದಲ್ಲಿ 15 ಆಂಪಿಯರ್ ಎಳೆಯುತ್ತದೆ. ಅಂದರೆ ಸುಮಾರು 200 ವ್ಯಾಟ್. ಅದರ ಸುತ್ತುತಂತಿಯ ರೋಧ ಬರೀ 0.2 ಓಮ್. ಓಮ್ ನಿಯಮವನ್ನು ನೇರವಾಗಿ ಹಚ್ಚಿದರೆ 13.5ನ್ನು 0.2ರಿಂದ ಭಾಗಿಸಿ 67 ಆಂಪಿಯರ್ ಬರಬೇಕಿತ್ತು. ಬರುವುದು 15 ಮಾತ್ರ. ಯಾಕೆಂದರೆ ಅಯಸ್ಕಾಂತದ ನಡುವೆ ತಿರುಗುವ ಆರ್ಮೇಚರ್ ತಾನೇ ಒಂದು ಡೈನಮೋ ಕೂಡ ಹೌದು; ತಿರುಗುತ್ತಿರುವಷ್ಟು ಹೊತ್ತೂ ಅದು ಎದುರು ದಿಕ್ಕಿನ ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ನಮ್ಮ ಮೋಟರಿನಲ್ಲಿ ಅದು 10.5 ವೋಲ್ಟ್. ಉಳಿದ 3 ವೋಲ್ಟ್ ಮಾತ್ರ ತಂತಿಯೊಳಗೆ ಕರೆಂಟನ್ನು ತಳ್ಳುತ್ತದೆ. ಕರೆಂಟು ಹಿಡಿತದಲ್ಲಿರುವುದು ಮೋಟರು ತಿರುಗುತ್ತಿರುವುದರಿಂದ. ತಿರುಗುವುದು ನಿಂತರೆ ಆ ಹಿಡಿತವೂ ಹೋಯಿತು.

ಗುಂಡಿಯನ್ನು ಒಂದಕ್ಕೆ ತನ್ನಿ. 1.8 ಓಮ್ ರೋಧ ಸರಣಿಯಲ್ಲಿ ಸೇರಿತು. ಫ್ಯಾನಿನ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಫ್ಯಾನುಗಳದ್ದೊಂದು ಸ್ವಭಾವವಿದೆ: ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಮಾತ್ರ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕರೆಂಟು 4 ಆಂಪಿಯರ್‌ಗೆ ಬರುತ್ತದೆ. ಮೋಟರಿನ ಪಾಲಿಗೆ 6 ವೋಲ್ಟ್ ಚಿಲ್ಲರೆ, 25 ವ್ಯಾಟ್. ರೆಸಿಸ್ಟರಿನ ಪಾಲಿಗೆ 7 ವೋಲ್ಟ್ ಚಿಲ್ಲರೆ, 29 ವ್ಯಾಟ್. ಗಾಳಿ ಬೀಸಲು ಖರ್ಚಾದದ್ದಕ್ಕಿಂತ ಸುಮ್ಮನೆ ಶಾಖವಾಗಿ ಹೋದದ್ದೇ ಹೆಚ್ಚು! ಇಂಥ ದಂಡಖರ್ಚನ್ನು ಯಾವ ಎಂಜಿನಿಯರೂ ಖುಷಿಯಿಂದ ಒಪ್ಪುವುದಿಲ್ಲ. ಆದರೆ ಅಗ್ಗ, ಕೆಟ್ಟರೆ ಯಾರು ಬೇಕಾದರೂ ಬದಲಿಸಬಹುದು. ಅದಕ್ಕೇ ದಶಕಗಳ ಕಾಲ ಉಳಿಯಿತು. ಅನೇಕ ಹೊಸ ಕಾರುಗಳಲ್ಲಿ ಅದರ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿದೆ.

29 ವ್ಯಾಟ್ ಶಾಖವನ್ನು ಹೆಬ್ಬೆರಳಿನಷ್ಟು ಸುರುಳಿಯಿಂದ ಹೊರಹಾಕುವುದು ಹೇಗೆ? ರೆಸಿಸ್ಟರನ್ನು ಫ್ಯಾನಿನ ಗಾಳಿಯ ಹಾದಿಯಲ್ಲೇ ಕೂರಿಸುತ್ತಾರೆ. ಫ್ಯಾನ್ ಬೀಸುವ ಗಾಳಿಯೇ ಅದನ್ನು ತಣಿಸುತ್ತದೆ. ಜಾಣ ಏರ್ಪಾಡು, ಆದರೆ ಅದರೊಳಗೇ ಒಂದು ಅಪಾಯ ಅಡಗಿದೆ. ಗುಂಡಿ ಒಂದರಲ್ಲಿರುವಾಗ ಮೋಟರು ಬಿಗಿದುಕೊಂಡು ನಿಂತಿತು ಎಂದುಕೊಳ್ಳಿ. ಎದುರು ವೋಲ್ಟೇಜು ಮಾಯ. 13.5 ವೋಲ್ಟಿಗೆ ಎದುರಾಗಿ ಈಗಿರುವುದು 1.8 ಓಮ್ ಮತ್ತು 0.2 ಓಮ್ ಮಾತ್ರ. ಕರೆಂಟು 6.75 ಆಂಪಿಯರ್‌ಗೆ ಏರುತ್ತದೆ. ರೆಸಿಸ್ಟರಿನಲ್ಲಿ ಶಾಖ 82 ವ್ಯಾಟ್, ಮುಂಚಿನ ಸುಮಾರು ಮೂರು ಪಟ್ಟು. ತಣಿಸುವ ಗಾಳಿ ಸೊನ್ನೆ. ಸುತ್ತಲೂ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಒಣಗಿದ ಎಲೆ, ಧೂಳು.

‘ಫ್ಯೂಸ್ ಇದೆಯಲ್ಲ?’ ಎನ್ನಬಹುದು. ಇದೆ, 25 ಆಂಪಿಯರ್‌ನದು. ಪೂರ್ಣ ವೇಗದ 15 ಆಂಪಿಯರ್ ತಾಳಿಕೊಳ್ಳಲೆಂದು ಇಟ್ಟದ್ದು. 6.75 ಆಂಪಿಯರ್ ಅದರ ಕಣ್ಣಿಗೆ ಏನೂ ಅಲ್ಲ. ಅದು ಅಲುಗುವುದೂ ಇಲ್ಲ. ಹಾಗಾಗಿ ರೆಸಿಸ್ಟರಿನ ಬಿಲ್ಲೆಯ ಮೇಲೆ ಇನ್ನೊಂದು ಕಾವಲನ್ನು ಇಟ್ಟಿರುತ್ತಾರೆ: ಥರ್ಮಲ್ ಫ್ಯೂಸ್. ಅದು ನೋಡುವುದು ಕರೆಂಟನ್ನಲ್ಲ, ಬಿಸಿಯನ್ನು. ಗೊತ್ತುಮಾಡಿದ ಉಷ್ಣತೆ ದಾಟಿದರೆ ಒಳಗಿನ ಲೋಹವೋ ಮೇಣದಂಥ ವಸ್ತುವೋ ಕರಗಿ ದಾರಿ ತುಂಡಾಗುತ್ತದೆ, ಮತ್ತೆ ಕೂಡುವುದಿಲ್ಲ. ಒಂದು, ಎರಡು, ಮೂರು ಒಟ್ಟಿಗೆ ಸತ್ತಾಗ ಬಹಳ ಸಲ ಹೋಗಿರುವುದು ಸುರುಳಿಯಲ್ಲ, ಈ ಥರ್ಮಲ್ ಫ್ಯೂಸ್. ಅಂದರೆ ಕೆಟ್ಟಿದೆ ಎಂದು ನಾವು ಬಿಸಾಡುವ ವಸ್ತು ತನ್ನ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದೆ. ಅದಕ್ಕೆ ಬಿಸಿ ಮುಟ್ಟಿಸಿದ್ದು ಬೇರೆ ಯಾರೋ.

ಆ ಬೇರೆಯವರನ್ನು ಹುಡುಕುವಾಗ ಬಹಳ ಜನ ಎಡವುವುದು ಮೀಟರಿನ ಹತ್ತಿರ. ಮೋಟರಿನ ಕಪ್ಲರ್ ಕಳಚಿ, ತಂತಿಯ ತುದಿಗೆ ಡಿಜಿಟಲ್ ಮಲ್ಟಿಮೀಟರ್ ಹಿಡಿದರೆ 12.6 ಎಂದು ತೋರಿಸುತ್ತದೆ. ‘ಸಪ್ಲೈ ಸರಿಯಾಗಿದೆ, ಮೋಟರ್ ಹೋಗಿದೆ’ ಎಂಬ ತೀರ್ಪು ಬೀಳುತ್ತದೆ. ಈ ತೀರ್ಪಿಗೆ ಆಧಾರವಿಲ್ಲ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್. 12.6 ವೋಲ್ಟ್ ಅಳೆಯುವಾಗ ಅದು ಎಳೆದುಕೊಳ್ಳುವ ಕರೆಂಟು ಒಂದೂಕಾಲು ಮೈಕ್ರೋಆಂಪಿಯರ್. ತಂತಿಯ ಎಳೆಗಳೆಲ್ಲ ತುಂಡಾಗಿ ಕೂದಲಿನಂಥ ಒಂದೇ ಎಳೆ ಉಳಿದಿದ್ದರೂ, ಪಿನ್ನಿನ ಮೇಲೆ ಹಸಿರು ಕಿಲುಬು ದಪ್ಪಗೆ ಕೂತಿದ್ದರೂ ಅಷ್ಟು ಕರೆಂಟು ಆರಾಮವಾಗಿ ಬಂದು ಮುಟ್ಟುತ್ತದೆ, ಮೀಟರು ಪೂರ್ತಿ 12.6 ತೋರಿಸುತ್ತದೆ. ಮೋಟರು ಕೇಳುವುದು ಅದರ ಒಂದು ಕೋಟಿ ಪಟ್ಟಿಗೂ ಹೆಚ್ಚು.

ಈ ಪೇಚಾಟಕ್ಕೆ ಕಾರಿಗಿಂತ ಹೆಚ್ಚು ವಯಸ್ಸಾಗಿದೆ. ಜರ್ಮನಿಯ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ, ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಗಿಯೋರ್ಗ್ ಓಮ್ 1825ರಲ್ಲಿ ತಂತಿಯ ಉದ್ದಕ್ಕೂ ವಿದ್ಯುತ್ತಿಗೂ ಇರುವ ಸಂಬಂಧದ ಬಗ್ಗೆ ಮೊದಲ ಪ್ರಬಂಧ ಪ್ರಕಟಿಸಿದ. ಅದರಲ್ಲಿದ್ದ ಸೂತ್ರ ತಪ್ಪಾಗಿತ್ತು. ಅವನು ಬಳಸುತ್ತಿದ್ದ ವೋಲ್ಟಾ ಕೋಶಗಳು ಕರೆಂಟು ಎಳೆದ ಕೂಡಲೇ ಸೊರಗುತ್ತಿದ್ದವು. ಅಳತೆ ನಡೆಯುತ್ತಿರುವಾಗಲೇ ಮೂಲವೇ ಕುಸಿಯುತ್ತಿತ್ತು. ವಿಜ್ಞಾನ ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟ: ಕೋಶಗಳನ್ನು ಬಿಡು, ಸೀಬೆಕ್ ಕೆಲವೇ ವರ್ಷಗಳ ಹಿಂದೆ ಕಂಡುಹಿಡಿದ ಉಷ್ಣವಿದ್ಯುತ್ ಜೋಡಿ ಬಳಸು. ಓಮ್ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಉಷ್ಣತೆಯ ಅಂತರ ಕದಲದಿದ್ದರೆ ವೋಲ್ಟೇಜೂ ಕದಲುವುದಿಲ್ಲ. 1826ರಲ್ಲಿ ಅಳತೆಗಳು ಒಂದು ಸರಳ ನಿಯಮಕ್ಕೆ ಹೊಂದಿಕೊಂಡವು, 1827ರಲ್ಲಿ ಪುಸ್ತಕ ಬಂತು. ತಾಯ್ನಾಡಿನಲ್ಲಿ ಬಹುಕಾಲ ಹೆಚ್ಚಿನವರು ಅದನ್ನು ಲೆಕ್ಕಕ್ಕಿಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ನಮಗೆ ಇಲ್ಲಿ ಬೇಕಾದದ್ದು ಪದಕವಲ್ಲ, ಕಲೋನಿನ ಆ ತೊಂದರೆ. ಖಾಲಿ ಕೂತಿರುವಾಗ ಚೆನ್ನಾಗಿ ಕಾಣುವ ವೋಲ್ಟೇಜು ಕೆಲಸ ಕೊಟ್ಟಾಗಲೂ ನಿಲ್ಲುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆ, ಗ್ಲವ್ ಬಾಕ್ಸಿನ ಹಿಂದಿನ ಪ್ರಶ್ನೆಯೂ ಅದೇ.

ನಮ್ಮ ಎಲೆಕ್ಟ್ರಿಷಿಯನ್ನರ ಕೈಯಲ್ಲಿರುವ ಟೆಸ್ಟ್ ಬಲ್ಬನ್ನು ಕಂಡರೆ ನನಗೆ ಗೌರವ. ಇಂಡಿಕೇಟರಿನ ಒಂದು ಬಲ್ಬಿಗೆ ಎರಡು ತಂತಿ ಬೆಸೆದರೆ ಮುಗಿಯಿತು. 21 ವ್ಯಾಟಿನ ಆ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಕಿಲುಬು ಹಿಡಿದ ಪಿನ್ನಿನ ಆಚೆ ಮಲ್ಟಿಮೀಟರು 12.6 ಎಂದು ಘೋಷಿಸುತ್ತಿರುವಾಗ ಈ ಬಲ್ಬು ಮಂಕಾಗಿ ಮಿಣುಕುತ್ತದೆ, ಸತ್ಯ ಹೇಳುತ್ತದೆ. ದುಬಾರಿ ಮೀಟರಿಗಿಂತ ಇದು ಮೇಲು ಎನ್ನುತ್ತಿಲ್ಲ. ಇದಕ್ಕೆ ಅಂಕಿ ಗೊತ್ತಿಲ್ಲ. ಏರ್‌ಬ್ಯಾಗಿನ ಹಳದಿ ತಂತಿಗಳಿಗೂ ಕಂಪ್ಯೂಟರಿಗೆ ಹೋಗುವ ತಂತಿಗಳಿಗೂ ಇದನ್ನು ತೋರಿಸಲೇಬಾರದು. ಫ್ಯಾನಿನಂಥ ಒರಟು ಸರ್ಕಿಟ್ಟಿಗೆ ಮಾತ್ರ ಇದು ಸರಿಯಾದ ಸಾಧನ.

ಅಂಕಿ ಬೇಕೆಂದರೆ ಮೀಟರನ್ನು ಬೇರೆ ರೀತಿಯಲ್ಲಿ ಬಳಸಬೇಕು. ಯಾವ ಕಪ್ಲರನ್ನೂ ಕಳಚಬಾರದು. ಎಂಜಿನ್ ಓಡುತ್ತಿರಲಿ, ಫ್ಯಾನ್ ನಾಲ್ಕರಲ್ಲಿ ತಿರುಗುತ್ತಿರಲಿ, ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. 1845ರಲ್ಲಿ ಗುಸ್ತಾವ್ ಕಿರ್ಕಾಫ್ ಎಂಬ 21ರ ವಿದ್ಯಾರ್ಥಿ ಬರೆದಿಟ್ಟ ನಿಯಮ ಇಲ್ಲಿ ಕೈಹಿಡಿಯುತ್ತದೆ: ಸರ್ಕಿಟ್ಟಿನ ಒಂದು ಸುತ್ತಿನಲ್ಲಿ ಬ್ಯಾಟರಿ ಕೊಟ್ಟ ವೋಲ್ಟೇಜೆಲ್ಲ ಎಲ್ಲೋ ಒಂದು ಕಡೆ ಖರ್ಚಾಗಿರಲೇಬೇಕು. ಸಂತೆಗೆ ಹೋದವನು ಮನೆಗೆ ಬಂದು ದುಡ್ಡಿನ ಲೆಕ್ಕ ಒಪ್ಪಿಸಿದ ಹಾಗೆ, ಒಂದು ಪೈಸೆಯೂ ಗಾಳಿಯಲ್ಲಿ ಹೋಗುವಂತಿಲ್ಲ. ಆರೋಗ್ಯವಂತ ಸರ್ಕಿಟ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೋಟರಿನಲ್ಲಿ ಖರ್ಚಾಗುತ್ತದೆ. ತಂತಿ, ಸ್ವಿಚ್ಚು, ಕಪ್ಲರುಗಳಿಗೆ ಅರ್ಧ ವೋಲ್ಟ್, ಹೆಚ್ಚೆಂದರೆ ಒಂದು.

ಒಂದು ಕಾರನ್ನು ಕಲ್ಪಿಸಿಕೊಳ್ಳಿ. ಫ್ಯಾನ್ ನಾಲ್ಕರಲ್ಲೂ ಸೋತಂತೆ ತಿರುಗುತ್ತಿದೆ. ಬ್ಯಾಟರಿಯ ಎರಡು ತುದಿಗಳ ನಡುವೆ 13.5 ವೋಲ್ಟ್, ಮೋಟರಿನ ಎರಡು ಪಿನ್ನುಗಳ ನಡುವೆ 11.2. ನಡುವೆ 2.3 ವೋಲ್ಟ್ ಕಾಣೆಯಾಗಿದೆ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ಮೋಟರಿನ ಪಾಸಿಟಿವ್ ಪಿನ್ನಿಗೆ ಹಿಡಿಯಿರಿ. ಇಗ್ನಿಷನ್ ಸ್ವಿಚ್ಚು, ಫ್ಯೂಸು, ರಿಲೇ ಎಲ್ಲ ಸೇರಿ ನುಂಗಿದ್ದು ಎಷ್ಟೆಂದು ಒಂದೇ ಓದಿನಲ್ಲಿ ತಿಳಿಯುತ್ತದೆ. ನಮ್ಮ ಕಾರಿನಲ್ಲಿ 0.4. ಆ ಕಡೆ ತಪ್ಪಿಲ್ಲ. ಈಗ ಮೋಟರಿನ ನೆಗೆಟಿವ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ: 1.9. ಕಳ್ಳ ಇರುವುದು ಇದೇ ದಾರಿಯಲ್ಲಿ. ಮೋಟರಿನಿಂದ ಸ್ವಿಚ್ಚಿನವರೆಗಿನ ತಂತಿ 0.1, ಸ್ವಿಚ್ಚು 0.2, ಸ್ವಿಚ್ಚಿನಿಂದ ಅರ್ತ್ ಬೋಲ್ಟಿನವರೆಗೆ 0.1. ಉಳಿದ 1.5 ವೋಲ್ಟು ಆ ಬೋಲ್ಟಿನ ವಾಷರಿಗೂ ಕಾರಿನ ತಗಡಿಗೂ ನಡುವೆ. ಯಾವಾಗಲೋ ಪೇಂಟ್ ಹೊಡೆದಾಗ ಬೋಲ್ಟಿನ ಅಡಿಗೂ ಬಣ್ಣ ಹೋಗಿತ್ತು, ಅದರ ಮೇಲೆ ತುಕ್ಕು. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದರೆ ಕೆಲಸವಾಯಿತು. ಹೊಸ ಮೋಟರಿನ ಖರ್ಚು ಉಳಿಯಿತು.

ಮೀಟರಿನ ಓಮ್ ಸ್ಥಾನದಲ್ಲೇ ಇದನ್ನು ಅಳೆಯಬಹುದಿತ್ತಲ್ಲ ಎಂದರೆ, ಆಗುವುದಿಲ್ಲ. 15 ಆಂಪಿಯರ್ ಹರಿಯುವಲ್ಲಿ ಒಂದೂವರೆ ವೋಲ್ಟ್ ಎಂದರೆ ರೋಧ ಬರೀ 0.1 ಓಮ್. ಮೀಟರಿನ ಕಡ್ಡಿಗಳ ತಂತಿಗೇ ಅದಕ್ಕಿಂತ ಹೆಚ್ಚು ರೋಧವಿರುತ್ತದೆ. ಬೀಪ್ ಎನ್ನುವ ಕಂಟಿನ್ಯುಟಿ ಸ್ಥಾನವಂತೂ ಇದಕ್ಕೆ ಸಂತೋಷದಿಂದ ಬೀಪ್ ಎನ್ನುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡಬಹುದು. ಸ್ವಿಚ್ಚು ಅರ್ತ್ ಕಡೆಗಿರುವ ಕಾರಿನಲ್ಲಿ ಫ್ಯಾನ್ ಆಫ್ ಇದ್ದರೂ, ಇಗ್ನಿಷನ್ ಆನ್ ಇದ್ದರೆ ಮೋಟರಿನ ಎರಡೂ ಪಿನ್ನುಗಳಲ್ಲಿ ಕಾರಿನ ಮೈಗೆ ಹೋಲಿಸಿದರೆ 12 ವೋಲ್ಟ್ ಕಾಣುತ್ತದೆ. ಎಲ್ಲೋ ಶಾರ್ಟ್ ಆಗಿದೆ ಎಂದು ಹೆದರಿ ವೈರಿಂಗ್ ಬಿಚ್ಚುವವರಿದ್ದಾರೆ. ಶಾರ್ಟ್ ಏನೂ ಆಗಿಲ್ಲ. ಕರೆಂಟು ಹರಿಯದಿದ್ದರೆ ಮೋಟರಿನಲ್ಲಿ ಖರ್ಚೂ ಇಲ್ಲ, ಹಾಗಾಗಿ ಆಚೆ ಈಚೆ ಒಂದೇ ವೋಲ್ಟೇಜು.

0.1 ಓಮ್ ಎಂಬ ಈ ಕ್ಷುಲ್ಲಕ ಅಂಕಿಯನ್ನು ಅರ್ತ್ ಬೋಲ್ಟಿನಿಂದ ಎತ್ತಿ ಪ್ಲಾಸ್ಟಿಕ್ ಕಪ್ಲರಿನೊಳಗೆ ಇಟ್ಟು ನೋಡಿ. ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಕರ ಮನೆಯ ಹುಡುಗ ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದ ಪ್ರಕಾರ, ಶಾಖವು ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 15ರ ವರ್ಗ 225. ಅದರ ಹತ್ತನೆಯ ಒಂದು ಪಾಲು 22 ವ್ಯಾಟ್ ಚಿಲ್ಲರೆ. ರೇಡಿಯೋ ರಿಪೇರಿಯವರ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿಗೆ ಸಾಲುವಷ್ಟು ಶಾಖ ಅಗಲ ಆರೇಳು ಮಿಲಿಮೀಟರಿನ ಹಿತ್ತಾಳೆ ಪಿನ್ನಿನ ಮೇಲೆ. ಬ್ಲೋವರಿನ ಕಪ್ಲರುಗಳು ಕಂದಿ, ಕರಗಿ, ಪಿನ್ನಿಗೆ ಅಂಟಿಕೊಂಡು ಸಿಗುವುದು ಹೀಗೆ.

ಪಿನ್ನುಗಳು ಕೆಡುವ ಬಗೆಯೂ ಸ್ವಾರಸ್ಯದ್ದು. ನಯವಾಗಿ ಕಾಣುವ ಎರಡು ಲೋಹದ ಮೈಗಳು ನಿಜವಾಗಿ ಒಂದನ್ನೊಂದು ಮುಟ್ಟುವುದು ಕೆಲವೇ ಸೂಕ್ಷ್ಮ ದಿಬ್ಬಗಳ ತುದಿಯಲ್ಲಿ. ಸ್ವೀಡನ್ನಿನ ರಾಗ್ನರ್ ಹೋಮ್ ತನ್ನ ಆಯುಷ್ಯದ ಬಹುಪಾಲನ್ನು ಈ ಚುಕ್ಕೆಗಳ ಅಧ್ಯಯನಕ್ಕೆ ಕೊಟ್ಟ. ಕರೆಂಟೆಲ್ಲ ನುಸುಳಬೇಕಾದದ್ದು ಆ ಚುಕ್ಕೆಗಳ ಮೂಲಕವೇ. ಎಂಜಿನ್ನಿನ ಅದುರಾಟಕ್ಕೆ ಪಿನ್ನು ಕಣ್ಣಿಗೆ ಕಾಣದಷ್ಟು ಹಿಂದೆ ಮುಂದೆ ಉಜ್ಜುತ್ತಿರುತ್ತದೆ. ತವರದ ಲೇಪನ ಸವೆದು ಆಕ್ಸೈಡಿನ ಪುಡಿಯಾಗುತ್ತದೆ, ಚುಕ್ಕೆಗಳು ಒಂದೊಂದಾಗಿ ಮುಚ್ಚುತ್ತವೆ. ರೋಧ ಏರಿದರೆ ಬಿಸಿ ಏರುತ್ತದೆ. ಬಿಸಿಗೆ ಪಿನ್ನನ್ನು ಅದುಮಿ ಹಿಡಿದ ಹಿತ್ತಾಳೆ ನಾಲಿಗೆ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಆಕ್ಸೈಡು ಇನ್ನಷ್ಟು ಬೇಗ ಬೆಳೆಯುತ್ತದೆ, ರೋಧ ಇನ್ನಷ್ಟು ಏರುತ್ತದೆ. ಕಾರವಾರ, ಮಂಗಳೂರು ಕಡೆ ಓಡುವ ಕಾರುಗಳಿಗೆ ಉಪ್ಪುಗಾಳಿಯ ಕಾಟ ಬೇರೆ. ಕಂದಿದ ಕಪ್ಲರಿಗೆ ಹೊಸ ರೆಸಿಸ್ಟರ್ ಸಿಕ್ಕಿಸಿದರೆ ಸಡಿಲವಾದ ನಾಲಿಗೆ ಹೊಸ ಪಿನ್ನನ್ನೂ ಬಿಸಿ ಮಾಡುತ್ತದೆ. ಮೊದಲು ಹೇಳಿದ ‘ಕೆಲವು ತಿಂಗಳ ನಂತರ ಅದೇ ಮೌನ’ಕ್ಕೆ ಒಂದು ಕಾರಣ ಇದು.

ಇನ್ನೊಂದು, ಮತ್ತು ಹೆಚ್ಚು ಮುಖ್ಯವಾದ ಕಾರಣ ಮೋಟರು. ಅದರ ದಂಡ ತಿರುಗುವ ಬುಶ್ ಒಣಗಿ ಬಿಗಿಯಾಗಿದ್ದರೆ, ಗಾಳಿಚಕ್ರಕ್ಕೆ ಎಲೆ, ಹೂವಿನ ಕಸ, ಇಲಿಯ ಗೂಡು ಸಿಕ್ಕಿಕೊಂಡಿದ್ದರೆ ಮೋಟರು ನಿಧಾನವಾಗುತ್ತದೆ, ಎದುರು ವೋಲ್ಟೇಜು ತಗ್ಗುತ್ತದೆ, ಕರೆಂಟು ಏರುತ್ತದೆ. 15 ಇದ್ದದ್ದು 22 ಆದರೂ 25ರ ಫ್ಯೂಸ್ ಸುಮ್ಮನಿರುತ್ತದೆ. ಆದರೆ ಕಪ್ಲರಿನಲ್ಲಿ ಶಾಖ ದುಪ್ಪಟ್ಟಾಗಿರುತ್ತದೆ. ಮರದಡಿಯಲ್ಲಿ ಕಾರು ನಿಲ್ಲಿಸುವವರು ಗಾಜಿನ ಬುಡದ ಜಾಲರಿಯನ್ನೊಮ್ಮೆ ನೋಡಬೇಕು. ಅಲ್ಲಿಂದ ಇಳಿದ ಎಲೆಗಳು ನೀರು ಹೋಗುವ ತೂತನ್ನು ಮುಚ್ಚಿದರೆ ಮಳೆನೀರು ನೇರ ಬ್ಲೋವರಿನ ಮೇಲೆ ಬೀಳಬಹುದು.

ನೀರು ಏನು ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಸಂಗ ಸಾಕ್ಷಿ. 2005ರಿಂದ ತಯಾರಾದ ವಾಕ್ಸ್‌ಹಾಲ್ ಜಫೀರಾ ಬಿ ಎಂಬ ಏಳು ಸೀಟಿನ ಕಾರುಗಳಿಗೆ ಓಡುತ್ತಿರುವಾಗಲೇ ಡ್ಯಾಶ್‌ಬೋರ್ಡಿನಿಂದ ಬೆಂಕಿ ಹತ್ತಿಕೊಳ್ಳುತ್ತಿದ್ದ ಸುದ್ದಿ 2015ರಲ್ಲಿ ದೊಡ್ಡದಾಯಿತು. ಅಂಥ ಪ್ರಕರಣಗಳು ನೂರಕ್ಕೂ ಹೆಚ್ಚು. ಬೆಂಕಿ ಹುಟ್ಟುತ್ತಿದ್ದದ್ದು ಹೀಟರ್ ಫ್ಯಾನಿನ ರೆಸಿಸ್ಟರಿನ ಬಳಿ. ಥರ್ಮಲ್ ಫ್ಯೂಸನ್ನು ಯಾರೋ ಅಡ್ಡಾದಿಡ್ಡಿ ರಿಪೇರಿ ಮಾಡಿರುವುದೇ ಕಾರಣ ಎಂದು ಕಂಪನಿ ಮೊದಲು ಹೇಳಿತು. ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಿ ರೆಸಿಸ್ಟರುಗಳನ್ನು ಬದಲಿಸಲು ಹೊರಟಿತು. ಬೆಂಕಿ ನಿಲ್ಲಲಿಲ್ಲ. 2016ರಲ್ಲಿ ಎರಡನೆಯ ಸಲ ಕಾರುಗಳನ್ನು ಕರೆಸಬೇಕಾಯಿತು, ಈ ಬಾರಿ ಮೋಟರಿನ ಸಲುವಾಗಿ. ಒಳಗೆ ಇಳಿದ ನೀರಿನಿಂದ ಮೋಟರಿನ ಕೆಳಗಿನ ಬೇರಿಂಗ್ ತುಕ್ಕು ಹಿಡಿದು ತಿರುಗುವುದು ಕಷ್ಟವಾಗುತ್ತಿತ್ತು. ಬ್ರಿಟಿಷ್ ಸಂಸತ್ತಿನ ಸಾರಿಗೆ ಸಮಿತಿ ವಿಚಾರಣೆ ನಡೆಸಿ 2017ರಲ್ಲಿ ಕಂಪನಿಯನ್ನು ಕಟುವಾಗಿ ಟೀಕಿಸಿತು. ಅಡ್ಡಾದಿಡ್ಡಿ ರಿಪೇರಿಗಳೂ ನಡೆದಿದ್ದವು ಎಂಬುದು ಸುಳ್ಳಲ್ಲ. ಆದರೆ ಥರ್ಮಲ್ ಫ್ಯೂಸ್ ಹೋಗದೆ ಇದ್ದಿದ್ದರೆ ಅದನ್ನು ಯಾರೂ ರಿಪೇರಿ ಮಾಡುತ್ತಿರಲಿಲ್ಲ. ಅದು ಯಾಕೆ ಹೋಯಿತು ಎಂಬ ಪ್ರಶ್ನೆಯನ್ನು ಮೊದಲ ಸಲವೇ ಕೊನೆಮುಟ್ಟಿಸಿದ್ದರೆ ಎರಡನೆಯ ಸಲ ಬೇಕಾಗುತ್ತಿರಲಿಲ್ಲ.

ಅಂಥ ರಿಪೇರಿ ನಮ್ಮಲ್ಲೂ ಅಪರೂಪವಲ್ಲ. ಥರ್ಮಲ್ ಫ್ಯೂಸಿನ ಎರಡು ತುದಿಗೆ ಒಂದು ತುಂಡು ತಂತಿ ಬೆಸೆದರೆ ನಾಲ್ಕೂ ವೇಗ ತಕ್ಷಣ ಮರಳುತ್ತವೆ, ಗಿರಾಕಿಗೆ ಸಂತೋಷ. ಮೇಲಿನ ಲೆಕ್ಕದ 82 ವ್ಯಾಟ್‌ಗೆ ಆಮೇಲೆ ತಡೆ ಎಂಬುದೇ ಇರುವುದಿಲ್ಲ. ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ದೊಡ್ಡದನ್ನು ಹಾಕುವುದೂ ಇದೇ ಜಾತಿಯ ಕೆಲಸ. ಇದನ್ನು ಜಾಣತನ ಎಂದು ಹೊಗಳುವವರನ್ನು ಕಂಡಿದ್ದೇನೆ; ನನ್ನ ಮಟ್ಟಿಗೆ ಇದು ಅಪರಾಧ. ಹಳೆಯ ಮಾಡೆಲಿನ ರೆಸಿಸ್ಟರ್ ಷೋರೂಮಿನಲ್ಲಿ ಸಿಗದಿರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಕೇಳಿ ನೋಡಬಹುದು. ಗುಜರಿಯದಾದರೆ ಥರ್ಮಲ್ ಫ್ಯೂಸಿನ ಮೇಲೆ ಯಾರೂ ಸೋಲ್ಡರ್ ಇಟ್ಟಿಲ್ಲ ಎಂಬುದನ್ನು ಕಣ್ಣಾರೆ ನೋಡಿಯೇ ತರಬೇಕು.

ನಿಮ್ಮ ಕಾರಿನ ಫ್ಯಾನೂ ನಾಲ್ಕರಲ್ಲಿ ಮಾತ್ರ ತಿರುಗುತ್ತಿದ್ದರೆ, ರೆಸಿಸ್ಟರ್ ಬದಲಿಸುವ ದಿನವೇ ಮೋಟರನ್ನೂ ಹೊರಗೆ ತೆಗೆಸಿ. ಎರಡು ಮೂರು ಸ್ಕ್ರೂಗಳ ಕೆಲಸ. ಚಕ್ರವನ್ನು ಬೆರಳಲ್ಲಿ ತಿರುಗಿಸಿದರೆ ಸದ್ದಿಲ್ಲದೆ ಸುತ್ತಿ ತಾನಾಗಿ ನಿಲ್ಲಬೇಕು. ಗರಗರ ಎಂದರೆ, ಗಕ್ಕನೆ ನಿಂತರೆ ಬುಶ್ ಮುಗಿದಿದೆ. ಮತ್ತೆ ಕೂರಿಸಿದ ಮೇಲೆ ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರನ್ನು ತಂತಿಗೆ ಹಾಕಿ ನಾಲ್ಕನೆಯ ವೇಗದ ಕರೆಂಟನ್ನು ನೋಡಲು ಹೇಳಿ, ಕಾರಿನ ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗೆ ಅದನ್ನು ಹೋಲಿಸಿ. ಸಾಮಾನ್ಯ ಮಲ್ಟಿಮೀಟರಿನ ಮೂಲಕ ಅಷ್ಟು ಕರೆಂಟು ಹಾಯಿಸಬೇಡಿ, ಅದರ ಮಿತಿ ಹೆಚ್ಚಾಗಿ 10 ಆಂಪಿಯರ್. ಕಪ್ಲರು ಕಂದಿದ್ದರೆ ಅದನ್ನು ಕತ್ತರಿಸಿ ಹೊಸದು ಹಾಕಿಸಿ. ಇಷ್ಟಕ್ಕೆ ಎಲೆಕ್ಟ್ರಿಷಿಯನ್ ಇನ್ನೊಂದು ಗಂಟೆಯ ಕೂಲಿ ಹೆಚ್ಚು ಕೇಳಿದರೆ ಕೊಡಿ.